ಶೇಂಗಾ ಚಟ್ನಿಪುಡಿ ಮಾರಾಟ: ಆರ್ಡರ್‌ಗೂ ಮುನ್ನ ಲೆಕ್ಕ

ಚಟ್ನಿಪುಡಿ ನೆರೆಹೊರೆಯವರಿಗೆ ಹಿಡಿಸಿದ ಮರುದಿನವೇ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿ ಆರ್ಡರ್ ಕರೆಯಬೇಡಿ. ಒಂದು ಪ್ಯಾಕೆಟ್‌ಗೆ ಎಷ್ಟು ಬೀಳುತ್ತದೆಂದು ತಿಳಿಯದೆ ಆರ್ಡರ್ ಹೆಚ್ಚಿದರೆ ನಷ್ಟವೂ ಅಷ್ಟೇ ವೇಗವಾಗಿ ಹೆಚ್ಚುತ್ತದೆ. ಮೊಬೈಲ್ ಮೊದಲು ಲೆಕ್ಕಕ್ಕೆ, ಆಮೇಲೆ ಪ್ರಚಾರಕ್ಕೆ.

ಮೊದಲು ತೂಕ. 5 ಕೆ.ಜಿ. ಶೇಂಗಾ ಹುರಿದು, ಉಜ್ಜಿ, ಮೊರದಲ್ಲಿ ಸಿಪ್ಪೆ ಕೇರಿದರೆ ಉಳಿಯುವುದು ಸುಮಾರು 4.5 ಕೆ.ಜಿ. ಖಾರದಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿ, ಮಿಕ್ಸಿಗೆ ಅಂಟಿದ್ದು ಕಳೆದು, 200 ಗ್ರಾಂನ 25 ಪ್ಯಾಕೆಟ್ ಎಂದಿಟ್ಟುಕೊಳ್ಳಿ.

ಇನ್ನು ದರ. ಉದಾಹರಣೆಗೆ ಸಾಮಗ್ರಿ, ಗ್ಯಾಸ್, ಕರೆಂಟ್ ಸೇರಿ ₹1,000. ಪೌಚ್ ಮತ್ತು ಲೇಬಲ್ ಎರಡೂ ಸೇರಿ ಪ್ಯಾಕೆಟ್‌ಗೆ ₹7ರಂತೆ ₹175. ನಿಮ್ಮ 5 ಗಂಟೆಯ ದುಡಿಮೆಗೆ ₹400. ಒಟ್ಟು ₹1,575, ಪ್ಯಾಕೆಟ್‌ಗೆ ₹63. ಅಂಗಡಿಯವರು ಶೇ 20 ಕಮಿಷನ್ ಕೇಳಿದರೆ ₹80ರ ಪ್ಯಾಕೆಟ್‌ನಲ್ಲಿ ನಿಮಗೆ ಉಳಿಯುವುದು ಒಂದೇ ರೂಪಾಯಿ, ₹100ರದ್ದಾದರೆ ₹17. ದುಡಿಮೆಯ ₹400 ಬರೆಯದೇ ಬಿಡುವವರೇ ಹೆಚ್ಚು; ಮುಂದೆ ಒಬ್ಬ ಆಳನ್ನು ಇಟ್ಟುಕೊಂಡ ದಿನ ಲಾಭವೆಲ್ಲ ಕೂಲಿಗೇ ಹೋಗುತ್ತದೆ. ಈ ಲೆಕ್ಕವನ್ನು ಗೂಗಲ್ ಶೀಟ್‌ನಲ್ಲಿಡಿ, ಶೇಂಗಾ ದರ ಏರಿದಾಗ ಆ ಒಂದು ಅಂಕಿ ತಿದ್ದಿದರೆ ಸಾಕು.

ಕೆಡದಂತೆ ನೋಡಿಕೊಳ್ಳುವುದು ಮುಂದಿನ ಕೆಲಸ. ಹಸಿ ಬೆಳ್ಳುಳ್ಳಿಯ ತೇವದಿಂದ ಪುಡಿ ಬೇಗ ಹಾಳಾಗುತ್ತದೆ, ಗರಿಗರಿಯಾಗುವಂತೆ ಹುರಿದೇ ಹಾಕಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ; ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಸಿ ಆರದೆ ತುಂಬಿದರೆ ಒಳಗೆ ಬೆವರಿ ಬೂಸ್ಟು ಬರುತ್ತದೆ. ಪಾರದರ್ಶಕ ಕವರ್ ನೋಡಲು ಚೆಂದ, ಆದರೆ ಬೆಳಕು ಬಿದ್ದಷ್ಟೂ ಎಣ್ಣೆ ಕಮಟುತ್ತದೆ. ಫಾಯಿಲ್ ಪೌಚ್ ವಾಸಿ. ಪ್ರತಿ ಬ್ಯಾಚ್‌ನಲ್ಲಿ ನಾಲ್ಕೈದು ಪ್ಯಾಕೆಟ್ ಎತ್ತಿಟ್ಟು, 15 ದಿನಕ್ಕೊಂದನ್ನು ಒಡೆದು ಮೂಸಿ. ಕಮಟು ಬಂದ ದಿನಕ್ಕಿಂತ ಸಾಕಷ್ಟು ಮುಂಚಿನ ದಿನಾಂಕವನ್ನೇ ಲೇಬಲ್‌ಗೆ ಹಾಕಿ.

ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಜಾಲತಾಣದಲ್ಲಿ ನೋಂದಾಯಿಸಿದರೆ 14 ಅಂಕಿಯ ಸಂಖ್ಯೆ ಸಿಗುತ್ತದೆ. ಅದರೊಂದಿಗೆ ಪದಾರ್ಥಗಳು, ತೂಕ, ಎಂಆರ್‌ಪಿ, ತಯಾರಿಸಿದ ದಿನ, ಬ್ಯಾಚ್ ಸಂಖ್ಯೆ, ವಿಳಾಸ, ಹಸಿರು ಚುಕ್ಕಿ ಲೇಬಲ್‌ನಲ್ಲಿರಲಿ. ಶೇಂಗಾ ಅಲರ್ಜಿಯ ಸೂಚನೆಯೂ ಕಡ್ಡಾಯ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಈಗ ವಾಟ್ಸ್‌ಆ್ಯಪ್ ಬಿಸಿನೆಸ್ ತೆರೆಯಿರಿ. ಕ್ಯಾಟಲಾಗ್‌ನಲ್ಲಿ ತೂಕ, ಬೆಲೆ ಬರೆಯಿರಿ. ಪ್ರತಿ ಚಾಟ್‌ಗೂ ‘ಹೊಸ ಆರ್ಡರ್’, ‘ಹಣ ಬಾಕಿ’, ‘ಕಳಿಸಿದೆ’ ಎಂಬ ಲೇಬಲ್ ಅಂಟಿಸಿದರೆ ಯಾರದ್ದೂ ತಪ್ಪಿಹೋಗುವುದಿಲ್ಲ. ಯುಪಿಐಗೆ ಬೇರೆ ಬ್ಯಾಂಕ್ ಖಾತೆ ಇರಲಿ, ಮನೆಖರ್ಚು ಅದರಲ್ಲಿ ಬೆರೆಯಬಾರದು. ಬುಧವಾರದವರೆಗೆ ಆರ್ಡರ್, ಗುರುವಾರ ಹುರಿಯುವುದು, ಶುಕ್ರವಾರ ರವಾನೆ ಎಂದು ಗೊತ್ತುಮಾಡಿ. 25 ಪ್ಯಾಕೆಟ್ ದಾಟಿದ ಆರ್ಡರ್ ಮುಂದಿನ ವಾರಕ್ಕೆ.

ಕೊರಿಯರ್‌ನಲ್ಲಿ ಡಬ್ಬಿಯ ಅಳತೆಯೂ ತೂಕವೇ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಕೆ.ಜಿ. ಲೆಕ್ಕ ಹಾಕುವುದು ಸಾಮಾನ್ಯ ಪದ್ಧತಿ; ಅದು ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ. 20×15×10ರ ಡಬ್ಬಿ ಎಂದರೆ 600 ಗ್ರಾಂ, ಒಳಗೆ ಎರಡೇ ಪ್ಯಾಕೆಟ್ ಇದ್ದರೂ ಅಷ್ಟೇ. ಅದರ ಬದಲು ದಪ್ಪ ಕೊರಿಯರ್ ಕವರ್ ಬಳಸಿ.

ಸತತ ಎರಡು ತಿಂಗಳು ಆರ್ಡರ್ ಮಿಕ್ಕರೆ ವಾರಕ್ಕೆ ಇನ್ನೊಂದು ದಿನ ಹುರಿಯಿರಿ. ಆತುರಪಟ್ಟು ಪಲ್ವರೈಸರ್ (ಪುಡಿ ಮಾಡುವ ಯಂತ್ರ) ಕೊಳ್ಳಬೇಡಿ: ಮೆಣಸಿನಕಾಯಿಗೆ ಅದು ಸರಿ, ಶೇಂಗಾ ಹಾಕಿದರೆ ಎಣ್ಣೆಯಂಶದಿಂದ ಜಾಲರಿ ಕಟ್ಟಿಕೊಳ್ಳುತ್ತದೆ.