ಮೊದಲು ಬೀಗ, ಆಮೇಲೆ ಕೋಡ್: ಪ್ರಾಜೆಕ್ಟ್ ಫೋಲ್ಡರ್ ಜೋಡಿಸುವುದು ಹೇಗೆ?

ಆಫೀಸಿಗೆ ಹೊಸದಾಗಿ ಬಂದ ಹುಡುಗನೊಬ್ಬ ಎಸ್ಸೆಮ್ಮೆಸ್ ಕಳಿಸುವ ಸೇವೆಯ ಕೀಯನ್ನು (ಆ ಸೇವೆ ಬಳಸಲು ಕೊಡುವ ಗುಟ್ಟಿನ ಸಂಕೇತ) ಕೋಡ್ ಒಳಗೇ ಬರೆದು, ಯಾರು ಬೇಕಾದರೂ ನೋಡಬಹುದಾದ ರೆಪೊಗೆ (ಗಿಟ್ ಎಂಬ ಟೂಲ್ ಕೋಡನ್ನೂ ಅದರ ಹಳೆಯ ಆವೃತ್ತಿಗಳನ್ನೂ ಇಡುವ ಜಾಗ) ಪುಶ್ ಮಾಡಿಬಿಟ್ಟ, ಅಂದರೆ ಇಂಟರ್ನೆಟ್ಟಿಗೆ ಏರಿಸಿಬಿಟ್ಟ. ನಾವು ಊಟ ಮುಗಿಸಿ ಬರುವಷ್ಟರಲ್ಲಿ ಯಾರೋ ಆ ಕೀ ಬಳಸಿ ಬ್ಯಾಲೆನ್ಸ್ ಪೂರ್ತಿ ಖಾಲಿ ಮಾಡಿದ್ದರು. ಬೈಯೋಣವೆಂದರೆ ನನಗೆ ಬಾಯಿ ಬರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಹಿಡಿದು ನಾನೂ ಇದನ್ನೇ ಮಾಡಿದ್ದೆ. ಹಾಗಾಗಿ ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಪೈಥಾನ್ ಇಟ್ಟುಕೊಳ್ಳೋಣ.

ಹಂತ 1: ಜಾಗ. ಡೆಸ್ಕ್‌ಟಾಪ್ ಬೇಡ. ವಿಂಡೋಸ್‌ನಲ್ಲಿ ಅದು ಬಹಳ ಸಲ ಒನ್‌ಡ್ರೈವ್ ಜೊತೆ ಸಿಂಕ್ ಆಗುತ್ತಿರುತ್ತದೆ. ಸಾವಿರಾರು ಸಣ್ಣ ಫೈಲ್‌ಗಳು ಸುಮ್ನೆ ಮೇಲೆ ಹೋಗುತ್ತಾ ಇರುತ್ತವೆ. ಬೇರೆ ಕಡೆ ಫೋಲ್ಡರ್ ಮಾಡಿ, ಹೆಸರಿನಲ್ಲಿ ಸ್ಪೇಸ್ ಹಾಕಬೇಡಿ.

ಹಂತ 2: ಒಳಗಿನ ಕೋಣೆಗಳು. ಕೋಡ್‌ಗೆ ‘ಎಸ್‌ಆರ್‌ಸಿ’, ಪರೀಕ್ಷೆಗೆ ‘ಟೆಸ್ಟ್ಸ್’, ಜೊತೆಗೆ ಪ್ರಾಜೆಕ್ಟ್ ಓಡಿಸುವುದು ಹೇಗೆಂದು ಬರೆದಿಡುವ ಒಂದು ರೀಡ್‌ಮಿ ಫೈಲ್. ಸಾಕು. ಇಂಟರ್ನೆಟ್ಟಿನಲ್ಲಿ ಸಿಗುವ ಹನ್ನೆರಡು ಫೋಲ್ಡರಿನ ರೆಡಿಮೇಡ್ ಟೆಂಪ್ಲೇಟ್ ಇಳಿಸಿಕೊಂಡರೆ ಹತ್ತು ಖಾಲಿಯೇ ಉಳಿಯುತ್ತವೆ. ಇನ್ನೊಂದು, ಫೈಲಿಗೆ ‘ರ‍್ಯಾಂಡಮ್’ ಎಂದು ಹೆಸರಿಡಬೇಡಿ. ಪೈಥಾನ್ ತನ್ನದೇ ರ‍್ಯಾಂಡಮ್ ಮಾಡ್ಯೂಲ್ ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ.

ಹಂತ 3: ವೆನ್ವ್, ಅಂದರೆ ಒಂದು ಪ್ರಾಜೆಕ್ಟಿನ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಪ್ರತ್ಯೇಕವಾಗಿ ಇಡುವ ಫೋಲ್ಡರ್. ಪೈಥಾನ್ 3.3ರಿಂದ, ಅಂದರೆ 2012ರಿಂದ, ಇದು ಜೊತೆಯಲ್ಲೇ ಬರುತ್ತದೆ. ಪ್ರಾಜೆಕ್ಟಿಗೊಂದು ವೆನ್ವ್ ಮಾಡಿ. ಅದನ್ನು ಆನ್ ಮಾಡುವಾಗ ವಿಂಡೋಸ್‌ನ ಕಮಾಂಡ್ ವಿಂಡೋ ಪವರ್‌ಶೆಲ್ ‘ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ’ ಎಂದು ಕೆಂಪಕ್ಷರದಲ್ಲಿ ಬೈದರೆ ಹೆದರಬೇಡಿ. ನಿಮ್ಮ ಯೂಸರ್‌ಗೆ ಮಾತ್ರ ಎಕ್ಸಿಕ್ಯೂಶನ್ ಪಾಲಿಸಿಯನ್ನು (ಯಾವ ಸ್ಕ್ರಿಪ್ಟ್ ಓಡಬಹುದೆಂಬ ಸೆಟ್ಟಿಂಗ್) ‘ರಿಮೋಟ್‌ಸೈನ್ಡ್’ ಮಾಡಿದರೆ ಆಯಿತು. ವೆನ್ವ್ ಅನ್ನು ಬೇರೆ ಕಡೆಗೆ ಕಾಪಿ ಮಾಡಬೇಡಿ. ಅದರೊಳಗೆ ಹಳೆಯ ಜಾಗದ ವಿಳಾಸ ಬರೆದಿರುತ್ತದೆ. ಅಳಿಸಿ ಹೊಸದು ಮಾಡಿಕೊಳ್ಳಿ.

ಹಂತ 4: ಎಲ್ಲರೂ ಎಡವುವುದು ಇಲ್ಲೇ. ಪಾಸ್‌ವರ್ಡ್, ಕೀ ಇವೆಲ್ಲ ಕೋಡ್‌ನಲ್ಲಿ ಇರಬಾರದು. ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ (ಕೋಡ್‌ನ ಹೊರಗಿನಿಂದ ಪ್ರೋಗ್ರಾಮಿಗೆ ಸಿಗುವ ಹೆಸರು-ವ್ಯಾಲ್ಯೂ ಜೋಡಿ) ಇರಬೇಕು. ಇದೇನೂ ಹೊಸದಲ್ಲ, 1979ರ ಯುನಿಕ್ಸ್ ಏಳನೇ ಆವೃತ್ತಿಯಿಂದ ಇದೆ. ನಮ್ಮ ಮಷೀನಿನಲ್ಲಿ ಅವನ್ನು ‘ಡಾಟ್ ಎನ್ವ್’ (.env) ಫೈಲಿನಲ್ಲಿ ಬರೆದಿಡುತ್ತೇವೆ.

ಆದರೆ ಆ ಫೈಲ್ ಮಾಡುವ ಮುಂಚೆ ಗಿಟ್‌ಗೆ ‘ಇವನ್ನು ಮುಟ್ಟಬೇಡ’ ಎಂದು ಹೇಳುವ ಗಿಟ್‌ಇಗ್ನೋರ್ ಫೈಲ್ ಮಾಡಿ, ಅದರಲ್ಲಿ ಡಾಟ್ ಎನ್ವ್ ಮತ್ತು ವೆನ್ವ್ ಎರಡರ ಹೆಸರೂ ಹಾಕಿ. ಈ ಕ್ರಮ ತಪ್ಪಬೇಡಿ. ಒಮ್ಮೆ ಕಮಿಟ್ ಆದ (ಗಿಟ್ ಹಿಸ್ಟರಿಯಲ್ಲಿ ದಾಖಲಾದ) ಫೈಲನ್ನು ಆಮೇಲೆ ಇಗ್ನೋರ್ ಪಟ್ಟಿಗೆ ಸೇರಿಸಿದರೂ ಗಿಟ್ ಅದನ್ನು ಬಿಡುವುದಿಲ್ಲ. ‘ಗಿಟ್ ಆರ್‌ಎಮ್’ಗೆ ‘ಕ್ಯಾಶ್ಡ್’ ಸೇರಿಸಿ ಹೊರಗೆ ತೆಗೆಯಬೇಕು. ತೆಗೆದರೂ ಹಳೆಯ ಕಮಿಟ್‌ಗಳಲ್ಲಿ ಕೀ ಹಾಗೇ ಕೂತಿರುತ್ತದೆ. ಆದ್ದರಿಂದ ಒಮ್ಮೆ ಪುಶ್ ಆದರೆ ಬೇರೇನೂ ಯೋಚಿಸದೆ ಮೊದಲು ಕೀ ರದ್ದು ಮಾಡಿಸಿ, ಹೊಸದು ತೆಗೆದುಕೊಳ್ಳಿ. ಹಿಸ್ಟರಿ ತೊಳೆಯುವುದು ಆಮೇಲಿನ ಮಾತು.

ನೋಟ್‌ಪ್ಯಾಡ್ ಕೊಡುವ ಕಾಟ ಬೇರೆ. ಅದರಲ್ಲಿ ಸೇವ್ ಮಾಡಿದರೆ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ, ವಿಂಡೋಸ್ ಅದನ್ನು ಬಚ್ಚಿಡುತ್ತದೆ. ಹೆಸರು ಬೇರೆಯಾದ್ದರಿಂದ ಇಗ್ನೋರ್ ಪಟ್ಟಿಗೂ ಸಿಗುವುದಿಲ್ಲ. ಕಮಿಟ್‌ಗೆ ಮುಂಚೆ ‘ಗಿಟ್ ಸ್ಟೇಟಸ್’ ಹೊಡೆದು ನೋಡಿ. ನಾನಂತೂ ನೋಟ್‌ಪ್ಯಾಡ್ ಮುಟ್ಟುವುದನ್ನೇ ಬಿಟ್ಟಿದ್ದೇನೆ.

ಡಾಟ್ ಎನ್ವ್ ಬರೆಯುವಾಗ ಸಾಲಿಗೊಂದು ಹೆಸರು, ಸಮ ಚಿಹ್ನೆ, ಬೆಲೆ (ಅಂದರೆ ವ್ಯಾಲ್ಯೂ). ಚಿಹ್ನೆಯ ಆಚೆ ಈಚೆ ಸ್ಪೇಸ್ ಬೇಡ. ಪಾಸ್‌ವರ್ಡ್‌ನಲ್ಲಿ ಹ್ಯಾಶ್ ಇದ್ದರೆ ಕೋಟ್ ಒಳಗೆ ಹಾಕಿ. ಇಲ್ಲದಿದ್ದರೆ ಕೆಲವು ಲೈಬ್ರರಿಗಳು ಹ್ಯಾಶ್‌ನಿಂದ ಮುಂದಿನದನ್ನು ಕಾಮೆಂಟ್ ಎಂದು ನುಂಗಿಬಿಡುತ್ತವೆ.

ಹಂತ 5: ಓದಿಸುವುದು. ‘ಪೈಥಾನ್ ಡಾಟ್‌ಎನ್ವ್’ ಎಂಬ ಲೈಬ್ರರಿ ಹಾಕಿಕೊಂಡರೆ ಎರಡು ಸಾಲಿನ ಕೆಲಸ. ಆದರೆ ಬರುವುದೆಲ್ಲ ಅಕ್ಷರವೇ, ನೆನಪಿರಲಿ. ‘ಡೀಬಗ್’ ಎದುರು ‘ಫಾಲ್ಸ್’ ಬರೆದು, ‘ಇಫ್ ಡೀಬಗ್’ ಎಂದು ನೇರವಾಗಿ ಕೇಳಿದರೆ ಪೈಥಾನ್ ಹೌದು ಎನ್ನುತ್ತದೆ. ಅದಕ್ಕೆ ಕಂಡಿದ್ದು ಖಾಲಿಯಲ್ಲದ ಐದಕ್ಷರದ ಒಂದು ಪದ, ಅಷ್ಟೇ. ಅದು ‘ಟ್ರೂ’ ಎಂಬ ಪದವೇನಾ ಎಂದು ಹೋಲಿಸಿಯೇ ನೋಡಬೇಕು.

ಫೈಲಿನಲ್ಲಿ ಬದಲಿಸಿದರೂ ಹಳೆಯ ಬೆಲೆಯೇ ಬರುತ್ತಿದೆಯಾ? ಅದೇ ಹೆಸರನ್ನು ಯಾವಾಗಲೋ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಹಾಕಿ ಮರೆತಿರುತ್ತೀರಿ. ಈ ಲೈಬ್ರರಿ ತಾನಾಗಿ ಅದರ ಮೇಲೆ ಬರೆಯುವುದಿಲ್ಲ.

ಹಂತ 6: ‘ಡಾಟ್ ಎನ್ವ್ ಎಕ್ಸಾಂಪಲ್’ ಎಂಬ ಇನ್ನೊಂದು ಫೈಲ್ ಮಾಡಿ, ಹೆಸರುಗಳನ್ನು ಮಾತ್ರ ಇಟ್ಟು ಬೆಲೆ ಖಾಲಿ ಬಿಟ್ಟು ಕಮಿಟ್ ಮಾಡಿ. ಬೆಲೆಗಳನ್ನು ವಾಟ್ಸ್ಯಾಪ್ ಗ್ರೂಪಿಗೆ ಹಾಕಬೇಡಿ, ಪಾಸ್‌ವರ್ಡ್ ಮ್ಯಾನೇಜರ್ ಮೂಲಕ ಕೊಡಿ. ಎಲ್ಲ ಆದ ಮೇಲೆ ಬೇರೊಂದು ಫೋಲ್ಡರಿಗೆ ರೆಪೊ ಇಳಿಸಿ, ಬರೀ ರೀಡ್‌ಮಿ ನೋಡಿಕೊಂಡು ಓಡಿಸಿ. ನಮ್ಮ ಹುಡುಗನದು ಮೊದಲ ಸಲ ಓಡಲಿಲ್ಲ. ಎಕ್ಸಾಂಪಲ್ ಫೈಲಿನಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು, ಅದೇ ಎಸ್ಸೆಮ್ಮೆಸ್ ಕೀಯದು.