ಇಕೋ ಲಾಡ್ಜ್ ಬುಕ್ ಮಾಡುವ ಮೊದಲು ಒಂದು ಫೋನ್ ಮಾಡಿ

ನಗರದ ಹತ್ತಿರ ಇಕೋ ಲಾಡ್ಜ್, ಅಂದರೆ ಪರಿಸರಸ್ನೇಹಿ ವಸತಿ, ಹುಡುಕುತ್ತಿದ್ದೀರಾ? ಬಿದಿರಿನ ಕುರ್ಚಿಯ ಫೋಟೋ ನೋಡಿ ಮರುಳಾಗಬೇಡಿ. ಮೊದಲು ನೀರಿನ ಬಗ್ಗೆ ಕೇಳಿ. ನೀರು ಎಲ್ಲಿಂದ ಬರುತ್ತದೆ, ಬಚ್ಚಲು, ಟಾಯ್ಲೆಟ್ ನೀರು ಎಲ್ಲಿಗೆ ಹೋಗುತ್ತದೆ? ಹೇಗೆ ಶುದ್ಧ ಮಾಡುತ್ತಾರೆ, ಎಲ್ಲಿ ಬಿಡುತ್ತಾರೆ ಎಂದು ಬಿಡಿಸಿ ಹೇಳಿದರೆ ನಂಬಬಹುದು. ತಡವರಿಸಿದರೆ ಬೇರೆ ಜಾಗ ನೋಡಿ. ರಾತ್ರಿ ದೀಪಗಳನ್ನೂ ವಿಚಾರಿಸಿ. ಜಾಸ್ತಿ ಬೆಳಕು ಹುಳಹುಪ್ಪಟೆಗಳಿಗೆ ಕಾಟ.

ಪರಿಸರಸ್ನೇಹಿ ಎಂಬ ಸರ್ಟಿಫಿಕೇಟ್ ತೋರಿಸಿದರೆ ಕೊಟ್ಟವರು ಯಾರೆಂದು ನೋಡಿ. ಜಾಗತಿಕ ಸುಸ್ಥಿರ ಪ್ರವಾಸೋದ್ಯಮ ಮಂಡಳಿ ತಾನಾಗಿ ಲಾಡ್ಜ್‌ಗಳಿಗೆ ಸರ್ಟಿಫಿಕೇಟ್ ಕೊಡುವುದಿಲ್ಲ, ಕೊಡುವ ಸಂಸ್ಥೆಗಳಿಗೆ ಮಾನ್ಯತೆ ಕೊಡುತ್ತದೆ.

ಒಬ್ಬರೇ ಕಾರಿನಲ್ಲಿ ಹೋಗಿ ಒಂದೇ ರಾತ್ರಿ ಇದ್ದು ಬಂದರೆ, ಅಲ್ಲಿನ ಸೋಲಾರ್ ಉಳಿಸಿದ್ದನ್ನು ನಮ್ಮ ಪೆಟ್ರೋಲೇ ತಿಂದುಬಿಡುತ್ತದೆ, ಅಲ್ವಾ? ಬಸ್ ಅಥವಾ ರೈಲು ನಿಲ್ದಾಣದಿಂದ ಕರೆದುಕೊಂಡು ಹೋಗುತ್ತಾರಾ ಎಂದೂ ಕೇಳಿಬಿಡಿ.