ದಖ್ಖನ್ ಕರಿಕಲ್ಲಿನ ಕಾಂತತ್ವದಿಂದ ಹಳೆಯ ಅಕ್ಷಾಂಶ: ನಾನು ಮಾಡುವ ಕ್ರಮ

ಲಾವಾ ಆರುವಾಗ ಅದರೊಳಗಿನ ಟೈಟಾನೊಮ್ಯಾಗ್ನಟೈಟ್ (ಕಬ್ಬಿಣ, ಟೈಟಾನಿಯಂ ಬೆರೆತ ಕಾಂತೀಯ ಖನಿಜ) ಕಣಗಳು ಆಗಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದನ್ನು ಓದಿ, ಸುಮಾರು 66 ಮಿಲಿಯನ್ ವರ್ಷಗಳ ಹಿಂದೆ ಈ ನೆಲ ಎಲ್ಲಿತ್ತು ಎಂದು ಲೆಕ್ಕ ಹಾಕುತ್ತೇನೆ. ಆದರೆ ಬಂಡೆಯ ಮುಂದೆ ಆದ ತಪ್ಪನ್ನು ಲ್ಯಾಬ್‌ನಲ್ಲಿ ತಿದ್ದಲು ಬರುವುದಿಲ್ಲ.

ಗುಡ್ಡದ ನೆತ್ತಿಯಲ್ಲಿ ಕೊರೆಯುವುದಿಲ್ಲ. ಸಿಡಿಲು ಬಡಿದ ಕಲ್ಲು ವಿಪರೀತ ಬಲದ ಕಾಂತತ್ವ ಪಡೆದು, ಅಡಿಗೊಂದು ದಿಕ್ಕು ತೋರಿಸುತ್ತದೆ. ಜಂಬಿಟ್ಟಿಗೆಯಾಗಲು ಶುರುವಾದ ಕಲ್ಲೂ ಬೇಡ. ಅದರಲ್ಲಿ ನಂತರ ಹುಟ್ಟಿದ ಹೆಮಟೈಟ್ ಎಂಬ ಕಬ್ಬಿಣದ ಖನಿಜ ಸೇರಿರುತ್ತದೆ. ಕ್ವಾರಿಯ ತಾಜಾ ಗೋಡೆ, ರಸ್ತೆಗೆ ಕಡಿದ ಬದಿ ಒಳ್ಳೆಯದು.

ಒಂದು ಲಾವಾ ಪದರಕ್ಕೆ 6ರಿಂದ 8 ಕೋರ್ (ಕೊರೆದು ತೆಗೆದ ಕಲ್ಲಿನ ಕಡ್ಡಿ) ತೆಗೆಯುತ್ತೇನೆ. ವಜ್ರದ ಹಲ್ಲಿನ ಡ್ರಿಲ್ ಬಿಟ್, 25 ಮಿ.ಮೀ. ವ್ಯಾಸ, 7–8 ಸೆಂ.ಮೀ. ಆಳ, ನೀರು ಒಂದು ಗಳಿಗೆಯೂ ನಿಲ್ಲಬಾರದು. ಕೋರ್ ಇನ್ನೂ ಬುಡಕ್ಕೆ ಅಂಟಿರುವಾಗಲೇ ಸೀಳುಳ್ಳ ಕೊಳವೆ ಇಳಿಸಿ, ಕೋನ ಓದಿ, ಹಿತ್ತಾಳೆ ತಂತಿಯಿಂದ ಮೇಲ್ಬದಿಗೆ ಗೀರು ಎಳೆಯಬೇಕು. ಒದ್ದೆ ಕಲ್ಲಿನ ಮೇಲೆ ಹಳದಿ ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಕೋರ್ ಒಳಗೇ ಮುರಿದು ತಿರುಗಿದ್ದರೆ, ಎಷ್ಟೇ ಚೆನ್ನಾಗಿರಲಿ, ಎಸೆಯುತ್ತೇನೆ.

ಬಸಾಲ್ಟ್, ಅಂದರೆ ಈ ಕರಿಕಲ್ಲು, ದಿಕ್ಸೂಚಿಯ ಮುಳ್ಳನ್ನೇ ಎಳೆಯುವುದರಿಂದ, ನೆರಳಿನಿಂದ ದಿಕ್ಕು ಹೇಳುವ ಸೂರ್ಯ ದಿಕ್ಸೂಚಿ ಬೇಕೇ ಬೇಕು. ನಮ್ಮ ಅಕ್ಷಾಂಶದಲ್ಲಿ ನಡುಹಗಲಿಗೆ ಸೂರ್ಯ ನೆತ್ತಿಯ ಹತ್ತಿರ ಇರುತ್ತಾನೆ. ನೆರಳು ಗಿಡ್ಡ, ಅದರ ದಿಕ್ಕು ನಿಮಿಷ ನಿಮಿಷಕ್ಕೂ ಬದಲು. ಹಾಗಾಗಿ 10 ಗಂಟೆಯೊಳಗೆ ಅಥವಾ 3ರ ನಂತರ ಓದುತ್ತೇನೆ, ಗಡಿಯಾರದ ಸಮಯ ಸಮೇತ.

ಲ್ಯಾಬ್‌ನಲ್ಲಿ ಕೋರನ್ನು 22 ಮಿ.ಮೀ. ತುಂಡುಗಳಾಗಿ ಕತ್ತರಿಸಿ, ಕೆಲವನ್ನು 5ರಿಂದ 100 ಮಿಲಿಟೆಸ್ಲಾವರೆಗೆ ದಿಕ್ಕು ಅದಲುಬದಲಾಗುವ ಪರ್ಯಾಯ ಕಾಂತಕ್ಷೇತ್ರದಲ್ಲಿ, ಕೆಲವನ್ನು 580 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಹಂತಹಂತವಾಗಿ ಕಾಂತತ್ವ ಇಳಿಸುತ್ತೇನೆ. ಮೊದಲ ಹಂತಗಳಲ್ಲಿ ಉದುರುವುದು ಇತ್ತೀಚಿನ ಕ್ಷೇತ್ರದ ಲೇಪ. ಆಮೇಲೆ ನಕ್ಷೆಯಲ್ಲಿ ಮೂಲಬಿಂದುವಿನ (ಕಾಂತತ್ವ ಸೊನ್ನೆಯಾಗುವ ಬಿಂದು) ಕಡೆಗೆ ನೇರ ಬರುವ ಗೆರೆಯನ್ನಷ್ಟೇ ನಂಬುತ್ತೇನೆ.

ಒಂದು ಪದರವೆಂದರೆ ಒಂದು ಕ್ಷಣದ ದಾಖಲೆ. ಭೂಕಾಂತದ ಓಲಾಟ ಸರಾಸರಿಯಲ್ಲಿ ಕಳೆಯಲು ಹತ್ತಕ್ಕಿಂತ ಹೆಚ್ಚು ಪದರ ಬೇಕು. ದಖ್ಖನ್‌ನ ಬಹುಪಾಲು ಪದರಗಳು ಹಿಮ್ಮುಖ, ಅಂದರೆ ಆಗ ಭೂಕಾಂತ ಈಗಿನದಕ್ಕೆ ತಿರುವುಮುರುವಾಗಿತ್ತು: ದಿಕ್ಕು ಆಗ್ನೇಯ, ನೆಲದೊಳಕ್ಕೆ 50 ಡಿಗ್ರಿ ಆಸುಪಾಸು. ಈ ಇಳಿಕೋನದ ಟ್ಯಾಂಜೆಂಟಿನ ಅರ್ಧ ಅಕ್ಷಾಂಶದ ಟ್ಯಾಂಜೆಂಟು. ಹಿಮ್ಮುಖ ಕ್ಷೇತ್ರ ನೆಲದೊಳಕ್ಕೆ ಇಳಿಯುವುದು ದಕ್ಷಿಣಾರ್ಧಗೋಳದಲ್ಲಿ, ಹಾಗಾಗಿ ಸುಮಾರು 30 ಡಿಗ್ರಿ ದಕ್ಷಿಣ ಬರುತ್ತದೆ. ಇಲ್ಲಿ ಕೋನ 5 ಡಿಗ್ರಿ ತಪ್ಪಿದರೆ ಲೆಕ್ಕ ಸುಮಾರು 500 ಕಿ.ಮೀ. ಜಾರುತ್ತದೆ. ಬೆಳಗಾವಿ ಈಗ 16 ಡಿಗ್ರಿ ಉತ್ತರದಲ್ಲಿದೆ: ಉತ್ತರಕ್ಕೆ 5,000 ಕಿ.ಮೀ. ಪಯಣ, ವರ್ಷಕ್ಕೆ ಸರಾಸರಿ 7–8 ಸೆಂ.ಮೀ., ಜೊತೆಗೆ ಅಪ್ರದಕ್ಷಿಣವಾಗಿ ಸುಮಾರು 25 ಡಿಗ್ರಿ ತಿರುವು. ರೇಖಾಂಶವನ್ನು ಮಾತ್ರ ಈ ಕಲ್ಲು ಹೇಳುವುದಿಲ್ಲ; ಅದಕ್ಕೆ ಹಿಂದೂ ಮಹಾಸಾಗರದ ತಳದ ಕಾಂತಪಟ್ಟಿಗಳನ್ನೇ (ತಳ ಹರಡುತ್ತ ಹೋದಂತೆ ಸರದಿಯಲ್ಲಿ ಮುಮ್ಮುಖ, ಹಿಮ್ಮುಖ ಕಾಂತತ್ವ ದಾಖಲಾದ ಪಟ್ಟಿಗಳು) ನೋಡಬೇಕು.